ಓದುಗರ ಪ್ರಶ್ನೆ: ಹಿಡಿಕೆ ತಿರುಗಿಸುವ ಲೆಕ್ಕಯಂತ್ರಗಳು

ಪ್ರಶ್ನೆ: ಹಳೆಯ ಸಾಮಾನುಗಳ ನಡುವೆ ಓಡ್ನರ್ ಮಾದರಿಯ ಲೆಕ್ಕಯಂತ್ರವೊಂದು ನನಗೆ ದೊರೆತಿದೆ. ಅದರ ಹಿಡಿಕೆ ಅರ್ಧ ಸುತ್ತಿನಲ್ಲಿ ಸಿಕ್ಕಿಕೊಂಡಿದೆ. ಅದನ್ನು ಸರಿಪಡಿಸಿ, ಇಂಥ ಇನ್ನಷ್ಟು ಯಂತ್ರಗಳನ್ನು ಕೂಡಿಸಿ ಪ್ರದರ್ಶನ ಏರ್ಪಡಿಸುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ? ನೋಡಲು ಬಂದವರ ಕೈಗೆ ಯಂತ್ರ ಕೊಡಬಹುದೇ?

ಉತ್ತರ: ಮೊದಲು ಹಿಡಿಕೆಯ ಮೇಲಿಂದ ಕೈ ತೆಗೆಯಿರಿ. ಆರಂಭಿಸಿದ ಸುತ್ತು ಪೂರ್ಣವಾಗುವ ತನಕ ಹಿಂದಕ್ಕೆ ತಿರುಗದಂತೆ ತಡೆಯುವ ಅಗುಳಿ ಈ ಯಂತ್ರಗಳಲ್ಲಿರುತ್ತದೆ; ಬಲ ಹಾಕಿದರೆ ಮುರಿಯುವುದು ಆ ಅಗುಳಿ ಅಥವಾ ಚಕ್ರದ ಹಲ್ಲು, ಮತ್ತು ಅವುಗಳ ಬಿಡಿಭಾಗಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಸಾಮಾನ್ಯವಾಗಿ ದೋಷ ಇರುವುದು ಲೋಹದಲ್ಲಲ್ಲ, ಎಂದೋ ಹಾಕಿದ ಎಣ್ಣೆ ಒಣಗಿ ಅಂಟಾಗಿರುವುದರಲ್ಲಿ. ಮೇಲಿನ ಕವಚ ತೆಗೆದು, ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆದುಕೊಂಡು, ಗಾಳಿಯಾಡುವ ಜಾಗದಲ್ಲಿ ಬೆಂಕಿಯಿಂದ ದೂರವಿಟ್ಟು, ಅಂಟಿದ ಕಡೆಗೆ ಮಾತ್ರ ವೈಟ್ ಸ್ಪಿರಿಟನ್ನು (ಬಣ್ಣ ತೆಳುಗೊಳಿಸಲು ಬಳಸುವ ದ್ರಾವಕ) ಹನಿಹನಿಯಾಗಿ ಬಿಟ್ಟು ಒಂದು ದಿನ ಕಾಯಿರಿ. ಬಣ್ಣ ತುಂಬಿದ ಅಂಕಿಗಳಿಗೆ ಅದು ತಾಗಬಾರದು. ಸಡಿಲವಾದ ಮೇಲೆ ಒರೆಸಿ, ಗಡಿಯಾರಕ್ಕೆ ಬಳಸುವ ತೆಳು ಎಣ್ಣೆಯನ್ನು ಸೂಜಿಮೊನೆಯಷ್ಟು ಹಾಕಿದರೆ ಸಾಕು. ನಿಕಲ್ ಲೇಪನವನ್ನು ಹೊಳೆಯುವಂತೆ ಉಜ್ಜುವುದಾಗಲಿ, ಹೊಸ ಬಣ್ಣ ಬಳಿಯುವುದಾಗಲಿ ಬೇಡ. ಅದರೊಂದಿಗೆ ಬಳಸಿದವರ ಕೈಯ ಗುರುತೂ ಅಳಿಸಿಹೋಗುತ್ತದೆ.

ಯಂತ್ರ ತಿರುಗಿದ ಮೇಲೆ ಒಂದು ಪರೀಕ್ಷೆ ಮಾಡಿ. 99999 ಕೂಡಿಸಿ, ಅದರ ಮೇಲೆ 1 ಸೇರಿಸಿರಿ. ಶಾಲೆಯಲ್ಲಿ ‘ಕೈಯಲ್ಲಿ ಒಂದು’ ಎಂದು ನಾವು ಹೇಳಿಕೊಳ್ಳುತ್ತಿದ್ದ ಕೆಲಸವನ್ನು ಯಂತ್ರ ಐದು ಬಾರಿ ಸಾಲಾಗಿ ಮಾಡಬೇಕಾಗುತ್ತದೆ; 100000 ಬಂದರೆ ದಶಕ ದಾಟಿಸುವ ಸನ್ನೆಗಳು ಆ ಸ್ಥಾನಗಳಲ್ಲಿ ಸರಿಯಾಗಿವೆ. ಸೊನ್ನೆಯಿಂದ 1 ಕಳೆದು ನೋಡುವುದೂ ಉಂಟು: ಅಂಕಿಗಳು ಒಂಬತ್ತಾಗಿ, ಹಲವು ಮಾದರಿಗಳಲ್ಲಿ ಗಂಟೆಯೂ ಬಾರಿಸುತ್ತದೆ. ಈ ಗಂಟೆಯ ಸದ್ದಿಗೆ ಮನಸೋತು ಸಂಗ್ರಾಹಕರಾದವರು ಇದ್ದರೆ ನನಗೆ ಆಶ್ಚರ್ಯವಿಲ್ಲ.

ಸಂಗ್ರಹವನ್ನು ಎಣಿಕೆಯಿಂದ ಬೆಳೆಸಬೇಡಿ, ತತ್ತ್ವದಿಂದ ಬೆಳೆಸಿ. ನಿಮ್ಮ ಯಂತ್ರದಲ್ಲಿ ಸನ್ನೆ ಸರಿಸಿದಷ್ಟು ಹಲ್ಲುಗಳು ಚಕ್ರದಿಂದ ಹೊರಚಾಚುತ್ತವೆ. 1892ರಿಂದ ಜರ್ಮನಿಯಲ್ಲಿ ತಯಾರಾದ ಬ್ರುನ್ಸ್‌ವಿಗಾ ಇದೇ ಬಳಗದ್ದು. ಲೈಬ್ನಿಟ್ಸ್ ರೂಪಿಸಿದ ಮೆಟ್ಟಿಲು ಉರುಳೆಯಲ್ಲಿ ಹಲ್ಲುಗಳ ಉದ್ದವೇ ಏರಿಳಿಯುತ್ತದೆ. ಥಾಮಸ್ 1820ರಲ್ಲಿ ಪೇಟೆಂಟ್ ಪಡೆದ ಅರಿತ್ಮೋಮೀಟರ್ ಆ ಜಾತಿಯದು. ಫೆಲ್ಟ್ 1887ರಲ್ಲಿ ಪೇಟೆಂಟ್ ಪಡೆದ ಕಾಂಪ್ಟೋಮೀಟರಿನಲ್ಲಿ ಹಿಡಿಕೆಯೇ ಇಲ್ಲ, ಕೀಲಿ ಒತ್ತಿದೊಡನೆ ಮೊತ್ತ ಸೇರುತ್ತದೆ. ಒಂದೇ ಬಗೆಯ ಮೂವತ್ತಕ್ಕಿಂತ ಬೇರೆ ಬೇರೆ ತತ್ತ್ವದ ಮೂರು ಮೇಲು ಎಂಬುದು ನನ್ನ ಅಭಿಪ್ರಾಯ. ಕುರ್ಟ್ ಹೆರ್ಟ್ಸ್‌ಟಾರ್ಕ್ ನಾಜಿಗಳ ಬುಖನ್‌ವಾಲ್ಡ್ ಬಂದೀಖಾನೆಯಲ್ಲಿದ್ದಾಗಲೇ ನಕ್ಷೆಗಳನ್ನು ಬೆಳೆಸಿದ, ಬಳಿಕ ಲಿಖ್ಟೆನ್‌ಸ್ಟೈನಿನಲ್ಲಿ ಸುಮಾರು 1,40,000ದಷ್ಟು ತಯಾರಾದ, ಅಂಗೈಯಲ್ಲಿ ಹಿಡಿಯುವ ಕುರ್ಟಾ ಲೆಕ್ಕಯಂತ್ರ ಸಿಕ್ಕರೆ ಬಿಡಬೇಡಿ, ಆದರೆ ಬಿಚ್ಚಲೂಬೇಡಿ. ಒಳಗೆ ಸುಮಾರು 600 ಭಾಗಗಳಿವೆ.

ಪ್ರದರ್ಶನದ ವಿಷಯದಲ್ಲಿ, ಗಾಜಿನೊಳಗೆ ಸುಮ್ಮನೆ ಇಟ್ಟ ಯಂತ್ರ ನೋಡುಗನಿಗೆ ಕಬ್ಬಿಣದ ಪೆಟ್ಟಿಗೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಅಪರೂಪದವುಗಳನ್ನು ಬಿಸಿಲು ಬೀಳದ, ತೇವಾಂಶ ಏರಿಳಿಯದ ಪೆಟ್ಟಿಗೆಯಲ್ಲಿಟ್ಟು, ಸುಲಭವಾಗಿ ಸಿಗುವ ಗಟ್ಟಿ ಯಂತ್ರವೊಂದನ್ನು ಮೇಜಿನ ಮೇಲೆ ಇಡಿ. ಪಕ್ಕದಲ್ಲಿ ತಿಳಿದವರೊಬ್ಬರು ಇರಲಿ. 37ನ್ನು 24ರಿಂದ ಗುಣಿಸಲು ಹೇಳಿ: ನಾಲ್ಕು ಸುತ್ತು, ಕ್ಯಾರೇಜನ್ನು (ಉತ್ತರದ ಅಂಕಿಗಳಿರುವ, ಪಕ್ಕಕ್ಕೆ ಸರಿಯುವ ಭಾಗ) ಒಂದು ಸ್ಥಾನ ಸರಿಸಿ ಇನ್ನೆರಡು ಸುತ್ತು, ಕಿಟಕಿಯಲ್ಲಿ 888. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಗುಂಡಿಗಳಿರುವ ಯಂತ್ರವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ, ಏಕೆಂದರೆ ಸೆಲ್ಯುಲಾಯ್ಡ್ ಕೊಳೆಯುತ್ತ ಬಿಡುವ ಆಮ್ಲದ ಆವಿ ಸುತ್ತಲಿನ ಲೋಹವನ್ನೂ ತಿನ್ನುತ್ತದೆ.

ಪ್ರಶ್ನೆ: ಹದಿನೇಳನೆಯ ಶತಮಾನದ ಪ್ಯಾಸ್ಕಲನ ಲೆಕ್ಕಯಂತ್ರದ ಪ್ರತಿಕೃತಿಯನ್ನು ಪ್ರದರ್ಶನದಲ್ಲಿ ಇಡುವುದು ಸರಿಯೇ?

ಉತ್ತರ: ಫಲಕದಲ್ಲಿ ‘ಪ್ರತಿಕೃತಿ’ ಎಂದು ಯಂತ್ರದ ಹೆಸರಿನಷ್ಟೇ ದೊಡ್ಡದಾಗಿ ಬರೆದರೆ ಸರಿ. ಮೂಲಯಂತ್ರಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು, ಅವುಗಳಲ್ಲಿ ಕೆಲವು ಪ್ಯಾರಿಸಿನ ಕಲೆ ಮತ್ತು ಕಸುಬುಗಳ ಸಂಗ್ರಹಾಲಯದಲ್ಲಿವೆ. ಅವುಗಳ ಚಕ್ರಗಳು ಒಂದೇ ದಿಕ್ಕಿಗೆ ತಿರುಗುವುದರಿಂದ ಕಳೆಯುವಾಗ ಒಂಬತ್ತರ ಪೂರಕ ಅಂಕಿಯನ್ನು (ಒಂಬತ್ತರಿಂದ ಆ ಅಂಕಿ ಕಳೆದರೆ ಉಳಿಯುವುದು) ಕೂಡಿಸಬೇಕು, ಇದನ್ನು ಪ್ರತಿಕೃತಿಯ ಮೇಲೆ ನೋಡುಗರೇ ತಿರುಗಿಸಿ ಕಂಡುಕೊಳ್ಳಬಹುದು.