ಓದುಗರ ಪ್ರಶ್ನೆ: ವೀಸಾ ಬೇಡ ಅಂದರು, ಮತ್ತೆ ಈ ಫಾರ್ಮ್ ಯಾಕೆ?

ಮಗಳು, ಅಳಿಯ ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿದ್ದಾರೆ. ನಾನು, ನನ್ನ ಹೆಂಡತಿ ಮೊದಲ ಸಲ ಹೊರಟಿದ್ದೇವೆ. ಭಾರತದವರಿಗೆ ಅಲ್ಲಿ ವೀಸಾ ಬೇಡ ಅಂತ ಮಗಳು ಹೇಳಿದ್ದಳು. ಈಗ ನೋಡಿದರೆ ಆನ್‌ಲೈನ್‌ನಲ್ಲಿ ಇಮಿಗ್ರೇಷನ್ ಫಾರ್ಮ್ ತುಂಬಬೇಕಂತೆ. ಸೈಬರ್ ಅಂಗಡಿಯಲ್ಲಿ ತೆರೆದು ತೋರಿಸಿದ ವೆಬ್‌ಸೈಟ್ ತಲೆಗೆ ಅರವತ್ತು ಡಾಲರ್ ಕೇಳುತ್ತಿದೆ. ಕಟ್ಟಬೇಕಾ? ಇನ್ನೊಂದು ವಿಷಯ, ನನ್ನ ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಏನು ಮಾಡುವುದು?
— ಹೆಸರು ಹಾಕಬೇಡಿ ಎಂದ ಓದುಗರು, ಶಿರಸಿ

ಒಂದು ರೂಪಾಯಿಯನ್ನೂ ಕಟ್ಟಬೇಡಿ. ಬಾರ್ಬಡೋಸ್ ಸರಕಾರದ ಫಾರ್ಮ್ ಪೂರ್ತಿ ಉಚಿತ. ನೀವು ನೋಡಿದ್ದು ಮಧ್ಯವರ್ತಿಗಳ ವೆಬ್‌ಸೈಟ್. ಗೂಗಲ್‌ನಲ್ಲಿ ಹುಡುಕಿದರೆ ಜಾಹೀರಾತು ಕೊಟ್ಟವರು ಮೇಲೆ ಬಂದು ಕೂರುತ್ತಾರೆ. ಬಾವುಟ, ಲಾಂಛನ ಎಲ್ಲ ಹಾಕಿಕೊಂಡು ಥೇಟ್ ಸರಕಾರದ್ದೇ ಅನ್ನುವ ಹಾಗೆ ಕಾಣಿಸುತ್ತಾರೆ. ನೀವು ಕೊಟ್ಟ ಮಾಹಿತಿಯನ್ನೇ ಸರಕಾರದ ಫಾರ್ಮ್‌ಗೆ ತುಂಬಿ ದುಡ್ಡು ಎಣಿಸುತ್ತಾರೆ, ಅಷ್ಟೇ. ವಿಳಾಸದ ಬಾಲ ನೋಡಿ: ಬಾರ್ಬಡೋಸ್ ಸರಕಾರದ್ದಾದರೆ ಕೊನೆಗೆ 'ಡಾಟ್ ಜಿಒವಿ ಡಾಟ್ ಬಿಬಿ' ಇರಬೇಕು. ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಹೊರಗೆ ಬನ್ನಿ.

ವೀಸಾ ಬೇಡ ಅಂದ ಮಗಳ ಮಾತು ಸರಿ. ಪ್ರವಾಸಕ್ಕೆ ಹೋಗುವ ಭಾರತೀಯರು ವೀಸಾ ಇಲ್ಲದೆ 90 ದಿನ ಇರಬಹುದು. ಆದರೆ ವೀಸಾ ಬೇರೆ, ಈ ಫಾರ್ಮ್ ಬೇರೆ. ಹಿಂದೆ ವಿಮಾನದಲ್ಲಿ ಒಂದು ಚೀಟಿ ಕೊಡುತ್ತಿದ್ದರಲ್ಲ, ಪೆನ್ನಿಗಾಗಿ ಪಕ್ಕದವರ ಮುಖ ನೋಡುತ್ತಾ ಮಡಿಲಲ್ಲಿಟ್ಟು ತುಂಬುವುದು, ಅದೇ ಚೀಟಿ ಈಗ ಮೊಬೈಲ್‌ಗೆ ಬಂದಿದೆ. ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಎರಡೂ ಅದರಲ್ಲೇ. ತುಂಬಿ ಕಳಿಸಿದ ಮೇಲೆ ಕ್ಯುಆರ್ ಕೋಡ್ ಬರುತ್ತದೆ. ಅದನ್ನು ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ, ಒಂದು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಒಳಗೂ ಇಡಿ. ಇಳಿಯುವ ಹೊತ್ತಿಗೆ ಮೊಬೈಲ್ ಚಾರ್ಜ್ ಖಾಲಿಯಾಗಿರುವುದು ನಮ್ಮವರ ಪೈಕಿ ಮಾಮೂಲಿ.

ಈಗ ದಿನದ ಲೆಕ್ಕ. ಇದನ್ನು ತಿಂಗಳ ಮೊದಲೇ ತುಂಬಿ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ. ತಲುಪುವ 72 ಗಂಟೆ ಮೊದಲಿನಿಂದ ತುಂಬಬೇಕು. ತಲುಪುವ ಸಮಯ ಅಂದರೆ ಬ್ರಿಜ್‌ಟೌನ್ ಗಡಿಯಾರದ ಸಮಯ, ಮನೆ ಬಿಡುವ ಸಮಯ ಅಲ್ಲ. ಅವರ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಶನಿವಾರ ಮಧ್ಯಾಹ್ನ ಮೂರಕ್ಕೆ ನೀವು ಅಲ್ಲಿ ಇಳಿಯುವುದಾದರೆ ನಮ್ಮಲ್ಲಿ ಆಗ ಶನಿವಾರ ರಾತ್ರಿ ಕಳೆದು ಹನ್ನೆರಡೂವರೆ, ಭಾನುವಾರ ಆಗಷ್ಟೇ ಶುರುವಾಗಿರುತ್ತದೆ. ಅಂದರೆ ಗುರುವಾರ ಬೆಳಿಗ್ಗೆ ಆಸರಿ ಕುಡಿದು, ಮನೆಯಲ್ಲೇ ನಿಧಾನಕ್ಕೆ ಕೂತು ತುಂಬಬಹುದು. ಏರ್‌ಪೋರ್ಟ್‌ನ ವೈಫೈ ನಂಬಿ ಅಲ್ಲಿಯವರೆಗೆ ಎಳೆಯಬೇಡಿ.

ಫ್ಲೈಟ್ ನಂಬರ್ ಕೇಳುವಲ್ಲಿ ಬೆಂಗಳೂರಿನಿಂದ ಹತ್ತಿದ್ದನ್ನು ಬರೆಯುವವರು ಜಾಸ್ತಿ. ಬರೆಯಬೇಕಾದದ್ದು ಬ್ರಿಜ್‌ಟೌನ್‌ನಲ್ಲಿ ಇಳಿಸುವ ಕೊನೆಯ ವಿಮಾನದ್ದು. ತಾರೀಖೂ ಅಲ್ಲಿ ಇಳಿಯುವ ದಿನದ್ದೇ. ಉಳಿದುಕೊಳ್ಳುವ ವಿಳಾಸಕ್ಕೆ 'ಮಗಳ ಮನೆ' ಅಂತ ಬರೆದರೆ ಸಾಲದು, ರಸ್ತೆ, ಊರು ಪೂರ್ತಿ ಬೇಕು. ಬಾರ್ಬಡೋಸ್‌ನಲ್ಲಿ ಜಿಲ್ಲೆಯ ಹಾಗೆ ಹನ್ನೊಂದು ಪ್ಯಾರಿಷ್‌ಗಳಿವೆ, ಬ್ರಿಜ್‌ಟೌನ್ ಇರುವುದು ಸೇಂಟ್ ಮೈಕೆಲ್‌ನಲ್ಲಿ. ಅದನ್ನೂ ಮಗಳ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.

ಸರ್‌ನೇಮ್ ವಿಷಯ. ನಮ್ಮ ಜಿಲ್ಲೆಯ ಅರ್ಧ ಮನೆಗಳಲ್ಲಿ ಈ ಗೋಳು ಇದ್ದೇ ಇದೆ. ಅಪ್ಪನದು ಹೆಗಡೆ, ಮಗನದು ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಕಡಿಮೆ ಇರುವ ಹೆಗ್ಡೆ, ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಬರೀ ಸಾವಿತ್ರಿ. ಫಾರ್ಮ್ ಮಾತ್ರ ಕೊನೆಯ ಹೆಸರು ಕೊಡದೆ ಮುಂದಿನ ಪುಟಕ್ಕೇ ಬಿಡುವುದಿಲ್ಲ. ಆಗ 'ನಾವು ಹೆಗಡೆಯವರೇ ಅಲ್ವಾ' ಅಂತ ಗಂಡನ ಹೆಸರನ್ನು ತುರುಕುತ್ತಾರೆ. ಅದೊಂದು ಮಾಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಇಲ್ಲದ ಹೆಸರು ಫಾರ್ಮ್‌ನಲ್ಲೂ ಬರಬಾರದು. ಫೋಟೋ ಇರುವ ಪುಟದ ಅಡಿಗೆ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲು ಇದೆಯಲ್ಲ, ಯಂತ್ರ ಓದುವುದು ಅದನ್ನೇ. ಮೊದಲ ಸಾಲಿನಲ್ಲಿ 'ಐಎನ್‌ಡಿ' ಆದ ತಕ್ಷಣ ಇರುವುದು ಸರ್‌ನೇಮ್‌ನ ಜಾಗ. ಸರ್‌ನೇಮ್ ಇಲ್ಲದವರಿಗೆ ಅಲ್ಲಿ ಇರುವ ಒಂದೇ ಹೆಸರು ಬಂದಿರುತ್ತದೆ. ಹಾಗಾಗಿ ಕೊನೆಯ ಹೆಸರಿನ ಕಾಲಂನಲ್ಲಿ ಆ ಹೆಸರನ್ನೇ ಹಾಕಿ. ಮೊದಲ ಹೆಸರೂ ಕಡ್ಡಾಯ ಅಂದರೆ ಟಿಕೆಟ್‌ನಲ್ಲಿ ವಿಮಾನ ಕಂಪನಿ ಹೇಗೆ ಬರೆದಿದೆಯೋ ಹಾಗೆ ಬರೆಯಿರಿ. ಟಿಕೆಟ್ ಮತ್ತು ಫಾರ್ಮ್ ಒಂದೇ ಥರ ಇದ್ದರೆ ಕೌಂಟರ್‌ನಲ್ಲಿ ವಿವರಿಸುವುದು ಸುಲಭ.

ಪಾಸ್‌ಪೋರ್ಟ್ ನಂಬರ್ ಅಂದರೆ ಒಂದು ಅಕ್ಷರ, ಏಳು ಅಂಕಿ. ಕೊನೆಯ ಪುಟದಲ್ಲಿರುವ ಉದ್ದದ ಫೈಲ್ ನಂಬರ್ ಅಲ್ಲ. ಅಕ್ಷರದ ನಂತರ ಬರುವುದೆಲ್ಲ ಅಂಕಿಯೇ, ಹಾಗಾಗಿ ಅದು ಸೊನ್ನೆಯೋ 'ಓ'ನೋ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನನ್ನನ್ನು ಕೇಳಿದರೆ, ಸೈಬರ್ ಅಂಗಡಿಯೂ ಬೇಡ. ಮಗಳೇ ಅಲ್ಲಿಂದ ತುಂಬಲಿ, ಎಲ್ಲಿಂದ ತುಂಬಿದರೂ ನಡೆಯುತ್ತದೆ. ಒಂದೇ ಷರತ್ತು: ಅವಳು ನೆನಪಿನಿಂದ ತುಂಬಬಾರದು, ಪಾಸ್‌ಪೋರ್ಟ್ ಫೋಟೋ ಮುಂದಿಟ್ಟುಕೊಂಡು ತುಂಬಬೇಕು. ಮಕ್ಕಳಿಗೆ ಅಪ್ಪ ಅಮ್ಮನ ಹುಟ್ಟಿದ ತಾರೀಖು ಒಂದು ಗೊತ್ತಿರುತ್ತದೆ, ದಾಖಲೆಯಲ್ಲಿ ಶಾಲೆಯ ಮಾಸ್ತರು ಬರೆಸಿದ್ದು ಇನ್ನೊಂದು ಇರುತ್ತದೆ.

ಬಾರ್ಬಡೋಸ್‌ನಲ್ಲಿರುವ ಮಗಳ ಮನೆಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಸ್ವಲ್ಪ ಅಡಿಕೆ ಕಟ್ಟಿದ್ದೇನೆ. ಫಾರ್ಮ್‌ನಲ್ಲಿ ತಿನ್ನುವ ವಸ್ತು ತರುತ್ತಿದ್ದೀರಾ ಅಂತ ಕೇಳುತ್ತದೆ. 'ಇಲ್ಲ' ಅಂತ ಒತ್ತಿದರೆ ತೊಂದರೆ ಇಲ್ಲವಂತೆ, ಪಕ್ಕದ ಮನೆಯವರು ಹೇಳಿದರು. ಒಂದು ಮಲ್ಲಿಗೆ ಗಿಡವನ್ನೂ ಒಯ್ಯುವ ಆಸೆ.
— ಓದುಗರೊಬ್ಬರು, ಹೊನ್ನಾವರ

ಅಕ್ಕ, ಪಕ್ಕದ ಮನೆಯವರು ನಿಮ್ಮ ಜೊತೆ ಕಸ್ಟಮ್ಸ್ ಕೌಂಟರ್‌ಗೆ ಬರುವುದಿಲ್ಲ. 'ಹೌದು' ಒತ್ತಿ. ಹೌದು ಅಂದವರ ಹತ್ತಿರ ಹೆಚ್ಚೆಂದರೆ ಡಬ್ಬಿ ತೆರೆಸಿ ನೋಡುತ್ತಾರೆ, ಬೇಡವಾದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಇಲ್ಲ ಅಂದು ಚೀಲದಲ್ಲಿ ಸಿಕ್ಕರೆ ಅದು ಸುಳ್ಳು ಹೇಳಿಕೆ ಆಗುತ್ತದೆ, ದಂಡದವರೆಗೂ ಹೋಗುತ್ತದೆ.

ಮಲ್ಲಿಗೆ ಗಿಡ ಮಾತ್ರ ಬಿಟ್ಟೇಬಿಡಿ. ವೀಳ್ಯದ ಬಳ್ಳಿ, ಬೀಜ, ಹಸಿ ಹಣ್ಣು, ಮಣ್ಣು ತಾಗಿದ ಗೆಡ್ಡೆ, ಯಾವುದೂ ಅನುಮತಿ ಇಲ್ಲದೆ ಒಳಗೆ ಹೋಗುವುದಿಲ್ಲ. ಅವರ ಹೆದರಿಕೆ ಸುಮ್ನೆ ಅಲ್ಲ. 1994ರಲ್ಲಿ ಅದೇ ಕಡೆಯ ಗ್ರೆನಡಾ ದ್ವೀಪದಲ್ಲಿ ದಾಸವಾಳದ ಗುಲಾಬಿ ಹಿಟ್ಟುತಿಗಣೆ ಕಾಣಿಸಿಕೊಂಡಿತು. ಅದು ಮೂಲದಲ್ಲಿ ನಮ್ಮ ಏಷ್ಯಾ ಕಡೆಯ ಕೀಟ. ಅಲ್ಲಿ ಅದನ್ನು ತಿನ್ನುವ ಶತ್ರು ಇರಲಿಲ್ಲ, ದ್ವೀಪದಿಂದ ದ್ವೀಪಕ್ಕೆ ಹಬ್ಬಿ ದಾಸವಾಳದಿಂದ ಹಿಡಿದು ಹಣ್ಣಿನ ಮರಗಳವರೆಗೆ ಹಾಳು ಮಾಡಿತು. ತೋಟ ಇರುವ ನಿಮಗೆ ಹಿಟ್ಟುತಿಗಣೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ?

ಉಳಿದದ್ದಕ್ಕೆ ಒಂದು ಉಪಾಯ. ಮನೆಯ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿದ ಉಪ್ಪಿನಕಾಯಿ ನೋಡಿದರೆ ಅಲ್ಲಿನ ಅಧಿಕಾರಿಗೆ ಏನೂ ಅರ್ಥವಾಗುವುದಿಲ್ಲ. ಅಂಗಡಿಯ ಸೀಲ್ ಇರುವ, ಒಳಗೆ ಏನಿದೆ ಅಂತ ಇಂಗ್ಲಿಷ್‌ನಲ್ಲಿ ಬರೆದ ಪ್ಯಾಕೆಟ್ ಆದರೆ ಮಾತು ಬೇಗ ಮುಗಿಯುತ್ತದೆ. ಜೋನಿ ಬೆಲ್ಲ, ಉಪ್ಪಿನಕಾಯಿ ಎರಡೂ ಕೈಚೀಲದಲ್ಲಿ ಬೇಡ, ನೀರು ಪದಾರ್ಥದ ನಿಯಮದಲ್ಲಿ ಸೆಕ್ಯುರಿಟಿಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಒಣಮೀನು ಕಟ್ಟುವ ಯೋಚನೆ ಯಾರಿಗಾದರೂ ಇದ್ದರೆ, ಅಕ್ಕಪಕ್ಕದ ಪ್ರಯಾಣಿಕರ ಬಟ್ಟೆಯ ಗತಿ ನೆನೆದು ಬಿಟ್ಟುಬಿಡಿ.

ನಾವು ಕಾರವಾರದ ನಾಲ್ಕು ಜನ ಸ್ನೇಹಿತರು ವೆಸ್ಟ್ ಇಂಡೀಸ್‌ಗೆ ಕ್ರಿಕೆಟ್ ನೋಡಲು ಹೋಗುವ ಪ್ಲಾನ್ ಹಾಕಿದ್ದೇವೆ. ಬಾರ್ಬಡೋಸ್, ಟ್ರಿನಿಡಾಡ್, ಸಾಧ್ಯವಾದರೆ ಜಮೈಕಾ. ಒಂದೇ ಫಾರ್ಮ್ ಸಾಕಾ? ಲಂಡನ್ ಅಥವಾ ಅಮೆರಿಕದ ಮೇಲೆ ಹೋಗುವುದು.
— ಕ್ರಿಕೆಟ್ ಹುಚ್ಚಿನವರು, ಕಾರವಾರ

ಒಳ್ಳೆಯ ಹುಚ್ಚು. ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ 2024ರ ಜೂನ್ 29ರಂದು ನಮ್ಮ ದ್ರಾವಿಡ್ ಕೋಚ್ ಆಗಿದ್ದ ತಂಡ ಟಿ20 ವಿಶ್ವಕಪ್ ಗೆದ್ದಿತು. ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ 1976ರಲ್ಲಿ 403 ರನ್ ಬೆನ್ನಟ್ಟಿ ಗೆದ್ದಾಗ ನಮ್ಮ ವಿಶ್ವನಾಥ್ 112 ಹೊಡೆದಿದ್ದರು. ಎರಡೂ ಮೈದಾನ ನೋಡಿ ಬನ್ನಿ.

ಫಾರ್ಮ್ ಮಾತ್ರ ಒಂದೇ ಸಾಲದು. ಟೀವಿಯಲ್ಲಿ ವೆಸ್ಟ್ ಇಂಡೀಸ್ ಒಂದು ದೇಶದ ಹಾಗೆ ಕಾಣುತ್ತದೆ, ಆದರೆ ಅದರಲ್ಲಿ ಹಲವು ದೇಶಗಳಿವೆ, ಪ್ರತಿಯೊಂದಕ್ಕೂ ತನ್ನದೇ ಸರಕಾರ, ತನ್ನದೇ ಇಮಿಗ್ರೇಷನ್. ಜಮೈಕಾದ್ದು ಸಿ5 ಅನ್ನುವ ಬೇರೆಯೇ ಫಾರ್ಮ್, ಅದೂ ಉಚಿತ. ಟಿಕೆಟ್ ಮಾಡಿಸುವಾಗ ಡೊಮಿನಿಕಾ ಮತ್ತು ಡೊಮಿನಿಕನ್ ರಿಪಬ್ಲಿಕ್ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಮೊದಲನೆಯದು ವೆಸ್ಟ್ ಇಂಡೀಸ್ ಕ್ರಿಕೆಟ್‌ನ ಪುಟ್ಟ ದ್ವೀಪ. ಎರಡನೆಯದು ಸ್ಪ್ಯಾನಿಷ್ ಮಾತಾಡುವ, ಬೇಸ್‌ಬಾಲ್ ಆಡುವ ಬೇರೆ ದೇಶ.

ನಿಮ್ಮ ನಿಜವಾದ ತಲೆನೋವು ದಾರಿಯದ್ದು. ಅಮೆರಿಕದ ಮೇಲೆ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು, ಅಲ್ಲಿ ಇಮಿಗ್ರೇಷನ್ ದಾಟದೆ ಬದಲಿಸುವ ವ್ಯವಸ್ಥೆಯೇ ಇಲ್ಲ. ಲಂಡನ್‌ನಲ್ಲೂ ಭಾರತದ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಬೇಕು, ಅಮೆರಿಕ, ಕೆನಡಾದಂಥ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಲಂಡನ್‌ನ ಒಂದು ಏರ್‌ಪೋರ್ಟ್ ಹೀಥ್ರೂದಲ್ಲಿ ಇಳಿದು ಇನ್ನೊಂದು ಏರ್‌ಪೋರ್ಟ್ ಗ್ಯಾಟ್ವಿಕ್‌ನಿಂದ ಹತ್ತುವ ಅಗ್ಗದ ಟಿಕೆಟ್ ಕಂಡರೆ ಹುಷಾರು. ಆಗ ಬ್ರಿಟನ್ ಗಡಿ ದಾಟಿದ ಹಾಗೆ, ಅದಕ್ಕೆ ಬೇರೆ ಥರದ ವೀಸಾ. ಶಿರಸಿಯ ಹಿರಿಯರೂ ಇದನ್ನು ಓದಿಕೊಳ್ಳಿ.

ಇನ್ನು ಬಟ್ಟೆ. ನೌಕಾನೆಲೆಯ ಊರಿನವರು ನೀವು, ಮಿಲಿಟರಿ ಬಣ್ಣದ ಮಚ್ಚೆ ಪ್ಯಾಂಟು, ಟೋಪಿ ನಿಮಗೆ ಮಾಮೂಲಿ. ಬಾರ್ಬಡೋಸ್, ಟ್ರಿನಿಡಾಡ್, ಜಮೈಕಾ ಮೂರರಲ್ಲೂ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನುಬಾಹಿರ. ಬ್ಯಾಗ್‌ಗೂ ಹಾಕಬೇಡಿ.

ಟ್ರಿನಿಡಾಡ್‌ಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾ?
— ಓದುಗರೊಬ್ಬರು, ಅಂಕೋಲಾ

ಹಾಕಿಸಿಕೊಳ್ಳಿ. ಟ್ರಿನಿಡಾಡ್ ಹಳದಿ ಜ್ವರದ ಪಟ್ಟಿಯಲ್ಲಿದೆ, ಹಾಗಾಗಿ ವಾಪಸ್ ಬರುವಾಗ ನಮ್ಮ ದೇಶದವರೇ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದಿದ್ದರೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲೆ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಯಲ್ಲೂ ಕೊಡುವುದಿಲ್ಲ, ಸರಕಾರ ಗುರುತಿಸಿದ ಕೇಂದ್ರದಲ್ಲೇ ಆಗಬೇಕು. ಗೋವಾದ ಮುರಗಾಂವ್ ಬಂದರಿನ ಆರೋಗ್ಯ ಕಚೇರಿ ಅಂಥದ್ದೊಂದು ಕೇಂದ್ರ. ಮೊದಲೇ ವಿಚಾರಿಸಿ, ದಿನ ಗೊತ್ತು ಮಾಡಿಕೊಂಡು ಹೋಗಿ. ಅರವತ್ತು ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಚುಚ್ಚಿಸಿಕೊಳ್ಳುವ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಸರ್ಟಿಫಿಕೇಟ್ ಅಂತ ಕೊಡುವ ಹಳದಿ ಪುಸ್ತಕದಲ್ಲಿ ಬರೆಯುವ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ.