ಸಂಪಾದಕರ ಉತ್ತರ: ಮುಂದೊಗಲಿನ ಒಳಗಿನ ಉರಿ ಮತ್ತು ಡಬ್ಬಿಯ ಆ ತುಂಡು

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಅವರಿಗೆ 46 ವರ್ಷ, ಆಲೆಮನೆಯಲ್ಲಿ ಕೊಪ್ಪರಿಗೆಯ ಬಳಿ ಕೆಲಸ. ಎರಡು ತಿಂಗಳಿಂದ ಶಿಶ್ನದ ಮುಂದೊಗಲಿನ ಒಳಗೆ ನವೆ, ಉರಿ. ತೊಗಲನ್ನು ಹಿಂದಕ್ಕೆ ಸರಿಸಿದರೆ ಕೆಂಪಗಾದ ಚರ್ಮ, ಮೊಸರಿನ ತರಿಯಂಥ ಬಿಳಿ ಪದರ, ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು. ಉಷ್ಣವಾಗಿರಬೇಕೆಂದು ಎಳನೀರು, ಬಾರ್ಲಿ ನೀರು ಕುಡಿದರು. ಕ್ರಿಮಿನಾಶಕ ದ್ರಾವಣ ಬೆರೆಸಿದ ನೀರಿನಲ್ಲಿ ಸೋಪು ಹಾಕಿ ದಿನಕ್ಕೆ ಮೂರು ಸಲ ತೊಳೆದರು. ಮೆಡಿಕಲ್ ಸ್ಟೋರಿನಿಂದ ತಂದ ಟ್ಯೂಬನ್ನು ಹಚ್ಚಿದರೆ ಎರಡು ದಿನ ಆರಾಮ, ಬಿಟ್ಟರೆ ಮತ್ತೆ ಶುರು. "ಇದು ಕೆಟ್ಟ ಕಾಯಿಲೆಯೇ? ಹೆಂಡತಿಗೂ ಹೇಳಿಲ್ಲ, ಡಾಕ್ಟರ ಮುಂದೆ ಬಿಚ್ಚಿ ತೋರಿಸಲು ನಾಚಿಕೆ" ಎಂದು ಬರೆದು, ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದಾರೆ.

ಪ್ರಿಯ ಓದುಗರೇ,

ನಾನು ವೈದ್ಯನಲ್ಲ. ಆದ್ದರಿಂದ ನಿಮ್ಮ ಪತ್ರವನ್ನು ಮೈಸೂರಿನ ಚರ್ಮರೋಗ ತಜ್ಞರೊಬ್ಬರಿಗೆ ಹೆಸರು ಹೇಳದೆ ಓದಿ, ಅವರು ವಿವರಿಸಿದ್ದನ್ನು ಸರಿಯಾಗಿ ತಿಳಿದುಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಣ್ಣಾರೆ ನೋಡದೆ ಯಾವ ವೈದ್ಯರೂ ಇಂಥದ್ದೇ ಎಂದು ಹೇಳಲಾರರು. ಆದರೆ ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ, ನೀವು ಹೆದರಿರುವ ಕಾಯಿಲೆಗಿಂತ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿನ ಸಂಭವವೇ ಹೆಚ್ಚು. ಈ ಶಿಲೀಂಧ್ರ ಹೊರಗಿನಿಂದಲೇ ಬರಬೇಕೆಂದಿಲ್ಲ. ಆರೋಗ್ಯವಂತರ ಮೈಮೇಲೂ ಸುಮ್ಮನೆ ಇರುತ್ತದೆ. ಬೆವರು, ಒದ್ದೆ, ಬಿಸಿ ಸೇರಿದ ಕಡೆ, ಅದರಲ್ಲೂ ಗಾಳಿಯಾಡದ ತೊಗಲಿನ ಮಡಿಕೆಯೊಳಗೆ, ಹಬ್ಬಿಕೊಳ್ಳುತ್ತದೆ. ಇಡೀ ದಿನ ಒಲೆಯ ಝಳಕ್ಕೆ ಬೆವರುವ ನಿಮ್ಮ ಕೆಲಸವೂ ಅದಕ್ಕೆ ಅನುಕೂಲ ಮಾಡಿಕೊಟ್ಟಿರಬಹುದು.

ಪತ್ರದ ಜೊತೆ ನೀವು ಆ ಟ್ಯೂಬಿನ ಡಬ್ಬಿಯನ್ನು ಕತ್ತರಿಸಿ ಒಂದು ತುಂಡು ಇಟ್ಟಿದ್ದು ಬಹಳ ಒಳ್ಳೆಯದಾಯಿತು. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಒಂದೇ ಮುಲಾಮಿನಲ್ಲಿ ನಾಲ್ಕು ಔಷಧಿಗಳಿವೆ: ಕ್ಲೋಬೆಟಾಸಾಲ್, ಓಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಮೊದಲನೆಯದು ಅತ್ಯಂತ ಪ್ರಬಲವಾದ ಸ್ಟಿರಾಯ್ಡ್. ನಿಮಗೆ ಎರಡು ದಿನ ಆರಾಮ ಕೊಟ್ಟದ್ದು ಅದೇ, ಕಾಯಿಲೆ ಎರಡು ತಿಂಗಳು ಎಳೆಯಲು ಕಾರಣವೂ ಬಹುಶಃ ಅದೇ. ಸ್ಟಿರಾಯ್ಡ್ ಕೆಂಪನ್ನೂ ನವೆಯನ್ನೂ ಅಡಗಿಸುತ್ತದೆ; ಜೊತೆಗೆ ಆ ಜಾಗದ ಚರ್ಮ ಸೋಂಕಿನೊಡನೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಹೀಗಾಗಿ ಮೇಲೆ ವಾಸಿಯಾದಂತೆ ಕಂಡರೂ ಶಿಲೀಂಧ್ರ ಒಳಗೇ ಬೆಳೆಯುತ್ತಿರುತ್ತದೆ. ಅಂಥ ಮೃದುವಾದ ಜಾಗಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಇಂಥ ಔಷಧಿಯನ್ನು ಕೇಳಿದವರಿಗೆಲ್ಲ ಕೊಟ್ಟು ಕಳಿಸುವ ಅಭ್ಯಾಸದ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ದಯವಿಟ್ಟು ಆ ಟ್ಯೂಬನ್ನು ಇಂದೇ ನಿಲ್ಲಿಸಿ.

ಸೋಪನ್ನೂ ಕ್ರಿಮಿನಾಶಕ ದ್ರಾವಣವನ್ನೂ ನಿಲ್ಲಿಸಿ. ಕೊಳೆಯಿಂದ ಬಂದದ್ದೆಂದು ಭಾವಿಸಿ ಹೆಚ್ಚು ಹೆಚ್ಚು ತೊಳೆಯುವುದು ಸಹಜವೇ. ಆದರೆ ಒಳಗಿನ ಆ ಚರ್ಮ ಕೈಕಾಲಿನ ಚರ್ಮದಂತಲ್ಲ, ತುಟಿಯ ಒಳಭಾಗದಂತೆ. ಸೋಪು ತಾಕಿದರೇ ಉರಿಯುತ್ತದೆ, ಬಿರುಕು ಇನ್ನಷ್ಟು ಬಿಡುತ್ತದೆ. ದಿನಕ್ಕೆ ಒಂದು ಸಲ, ಕೆಲಸ ಮುಗಿಸಿ ಬಂದ ಮೇಲೆ, ಉಗುರುಬೆಚ್ಚಗಿನ ಬರೀ ನೀರಿನಲ್ಲಿ ತೊಗಲನ್ನು ನೋವಾಗದಷ್ಟು ಮಾತ್ರ ಹಿಂದೆ ಸರಿಸಿ ತೊಳೆಯಿರಿ. ಉಜ್ಜದೆ, ಶುಭ್ರವಾದ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ತೊಗಲನ್ನು ಮರೆಯದೆ ಮುಂದಕ್ಕೆ ತನ್ನಿ. ಮೂತ್ರ ಮಾಡಿದ ಮೇಲೂ ಕೊನೆಯ ಹನಿಗಳು ಒಳಗೆ ಉಳಿಯದಂತೆ ಒರೆಸಿಕೊಳ್ಳಿ. ಹಿಂದೆ ಸರಿದ ತೊಗಲು ಮುಂದಕ್ಕೆ ಬಾರದೆ ಸಿಕ್ಕಿಕೊಂಡು ಬಾವು ಏರತೊಡಗಿದರೆ ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಕಾದರೆ ರಕ್ತಸಂಚಾರವೇ ನಿಲ್ಲಬಹುದು.

ಈ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಕ್ಲೋಟ್ರಿಮಜೋಲ್‌ನಂಥ, ಸ್ಟಿರಾಯ್ಡ್ ಬೆರೆಸದ ಶಿಲೀಂಧ್ರನಾಶಕ ಮುಲಾಮು. ದಿನಕ್ಕೆ ಎರಡು ಸಲದಂತೆ ಒಂದೆರಡು ವಾರ ಹಚ್ಚಿದರೆ ಬಹಳಷ್ಟು ಮಂದಿಗೆ ಗುಣವಾಗುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ನಿಮ್ಮ ಪತ್ರದಲ್ಲಿ ತಜ್ಞರು ತಡೆದು ನಿಂತದ್ದು "ಅಂಚಿನಲ್ಲಿ ಬಿರುಕು" ಎಂಬಲ್ಲಿ. "ಸಕ್ಕರೆ ನೋಡಿಸಿದ್ದಾರೆಯೇ?" ಎಂದು ಅವರು ತಕ್ಷಣ ಕೇಳಿದರು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಅದು ಮೂತ್ರಕ್ಕೂ ಇಳಿಯುತ್ತದೆ, ಆ ಸಿಹಿ ಹನಿಗಳು ತೊಗಲಿನೊಳಗೆ ನಿಂತಾಗ ಶಿಲೀಂಧ್ರಕ್ಕೆ ಆಹಾರವಾಗುತ್ತದೆ. ಎಷ್ಟೋ ಗಂಡಸರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ತಿಳಿಯುವುದೇ ಹೀಗೆ ಮರುಕಳಿಸುವ ಉರಿಯಿಂದ. ಖಾಲಿ ಹೊಟ್ಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿ. 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಈಗಾಗಲೇ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಿರುವ ಇತರ ಓದುಗರೂ ಗಮನಿಸಬೇಕು: ಅವು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವುದರಿಂದ ಈ ತೊಂದರೆ ಬರುವುದುಂಟು. ತಾವಾಗಿಯೇ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತಿಳಿಸಲಿ.

"ಕೆಟ್ಟ ಕಾಯಿಲೆಯೇ" ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಹುಣ್ಣು, ನೀರುಗುಳ್ಳೆ, ಮೂತ್ರದ್ವಾರದಿಂದ ಕೀವು, ತೊಡೆಸಂದಿಯಲ್ಲಿ ಗಂಟು ಇವುಗಳಲ್ಲಿ ಯಾವುದು ಕಂಡರೂ ಲೈಂಗಿಕ ಸೋಂಕಿನ ಪರೀಕ್ಷೆ ಆಗಲೇಬೇಕು. ನೋವಿಲ್ಲದ ಹುಣ್ಣನ್ನು ಅಸಡ್ಡೆ ಮಾಡಬೇಡಿ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ವಾರಗಳು ಕಳೆದರೂ ಮಾಯದ ಹುಣ್ಣು, ಗಡ್ಡೆ, ಬೆಳ್ಳಗೆ ಗಟ್ಟಿಯಾಗಿ ಬಿಗಿಯುತ್ತಿರುವ ತೊಗಲು ಇದ್ದರೆ ತಜ್ಞರು ನೋಡಲೇಬೇಕು.

ಮನೆಯವರಿಗೆ ಹೇಳಿ. ಅವರಿಗೂ ನವೆಯೋ ಬಿಳಿಸೆರಗೋ ಇದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು, ಗುಣವಾಗುವವರೆಗೆ ಕೂಡುವುದನ್ನು ಬಿಡಬೇಕು. ಎರಡು ತಿಂಗಳಿಂದ ನೀವು ದೂರ ಸರಿಯುತ್ತಿರುವುದನ್ನು ಅವರು ಬೇರೆ ಏನೆಂದು ಅರ್ಥಮಾಡಿಕೊಂಡಿದ್ದಾರೋ ಎಂಬುದೇ ನನ್ನ ಚಿಂತೆ.

ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ ಚರ್ಮರೋಗ ವಿಭಾಗಕ್ಕೆ ಚೀಟಿ ಮಾಡಿಸಿ. ಬಾಯಿಬಿಟ್ಟು ಹೇಳಲು ಕಷ್ಟವಾದರೆ ನನಗೆ ಬರೆದ ಇದೇ ಪತ್ರದ ಪ್ರತಿಯನ್ನು ವೈದ್ಯರ ಕೈಗೆ ಕೊಡಿ; ಹೇಳಬೇಕಾದ್ದೆಲ್ಲ ಅದರಲ್ಲಿದೆ. ಪ್ರತಿಯನ್ನೂ ಡಬ್ಬಿಯ ಆ ತುಂಡನ್ನೂ, ಪತ್ರಿಕೆಯ ಹೆಸರಿಲ್ಲದ ಲಕೋಟೆಯಲ್ಲಿ, ಇಂದಿನ ಅಂಚೆಗೆ ಹಾಕಿದ್ದೇನೆ.