ತೈಲವರ್ಣದ ಭಾವಚಿತ್ರ ಒಣಗಿದ ಮೇಲೆ ಕೂದಲಿನ ಭಾಗ ಮಾತ್ರ ಮಂಕಾಗಿದ್ದರೆ

ನೀವು ಬರೆದ ಭಾವಚಿತ್ರದ ಫೋಟೋ ಕಳಿಸಿ, ಮುಖ ಹೊಳೆಯುತ್ತಿದೆ, ಕೂದಲು ಮಾತ್ರ ಬೂದಿ ಬಳಿದ ಹಾಗಾಗಿದೆ ಅಂದಿರಲ್ಲ, ಬಣ್ಣ ಕೆಟ್ಟಿಲ್ಲ. ಮೇಲಿನ ಪದರದ ಎಣ್ಣೆ ಕೆಳಕ್ಕೆ ಇಳಿದಿದೆ, ಅಷ್ಟೆ. ಅಂಬರ್ ಎಂಬ ಕಂದು, ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಬಳಸಿದ ಕಡೆ ಇದು ಜಾಸ್ತಿ. ಬಣ್ಣ ತೆಳುವಾಗಿಸುವ ಟರ್ಪೆಂಟೈನ್ ಹೆಚ್ಚಾಯಿತೋ, ಕ್ಯಾನ್ವಾಸಿಗೆ ಮೊದಲು ಬಳಿಯುವ ಬಿಳಿ ಲೇಪ ಜೆಸ್ಸೋ ಎಣ್ಣೆ ಹೀರಿತೋ, ಫೋಟೋ ನೋಡಿ ಹೇಳುವುದು ಕಷ್ಟ. ಎರಡಕ್ಕೂ ಮದ್ದು ಒಂದೇ.

ಮೊದಲು ಬೆರಳಿಟ್ಟು ನೋಡಿ. ಅಂಟಿದರೆ ಇನ್ನೊಂದು ವಾರ ಸುಮ್ನೆ ಬಿಡಿ. ಒಣಗಿದ್ದರೆ ಲಿನ್ಸೀಡ್ (ಅಗಸೆ) ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ, ನೂಲು ಬಿಡದ ಬಟ್ಟೆಯಲ್ಲಿ ಮೂಲೆಯೊಂದಕ್ಕೆ ಸವರಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಮಂಕಾದ ಜಾಗಕ್ಕಷ್ಟೇ ತೆಳ್ಳಗೆ ಹಚ್ಚಿ. ಕಪ್ಪು ಕಣ್ಣೆದುರೇ ಮರಳಿ ಬರುತ್ತದೆ, ನೋಡೋಕೆ ಖುಷಿ! ಆ ಖುಷಿಯಲ್ಲಿ ಇನ್ನಷ್ಟು ಸುರಿಯಬೇಡಿ. ಎರಡು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಜಿಡ್ಡು ಉಳಿಯದ ಹಾಗೆ ಒರೆಸಿ. ಉಳಿದ ಎಣ್ಣೆ ಮುಂದೆ ಹಳದಿಯಾಗುತ್ತದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಲಿನ್ಸೀಡ್ ಎಣ್ಣೆ ಒಣಗುವಾಗ ಬಿಸಿಯೇರಿ ತಾನಾಗಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿಡಿ.

ಕೂದಲನ್ನು ತಿದ್ದುವುದಿದ್ದರೆ ಈಗ ಹಚ್ಚಿದ ಎಣ್ಣೆಯ ತೆಳು ಪದರ ಹಸಿ ಇರುವಾಗಲೇ ತಿದ್ದಿ, ಬಣ್ಣ ಹೊಂದಿಸುವುದು ಸುಲಭ. ವಾರ್ನಿಶ್‌ಗೆ ಆತುರ ಬೇಡ. ಕನಿಷ್ಠ 6 ತಿಂಗಳು ಕಾಯಿರಿ, ಬಣ್ಣ ದಪ್ಪಗಿದ್ದರೆ ಇನ್ನೂ ಜಾಸ್ತಿ.